ಸಾಮಂತನನ್ನು ಅರಗಿಸಿಕೊಳ್ಳುವ ಗಣಿತ

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯು 2013ರಲ್ಲಿ ಹೊರತಂದ ‘ಯುರೋಪಾ ಯೂನಿವರ್ಸಾಲಿಸ್ 4’ ಎಂಬ ಕಂಪ್ಯೂಟರ್ ಆಟವು 1444ರ ನವೆಂಬರ್ 11ರಂದು ಆರಂಭವಾಗಿ 1821ರಲ್ಲಿ ಮುಗಿಯುತ್ತದೆ. ಆಡುವವನು ಆ ಕಾಲದ ಯಾವುದಾದರೊಂದು ರಾಜ್ಯವನ್ನು ಆರಿಸಿಕೊಂಡು ಅದನ್ನು ಬೆಳೆಸುತ್ತ ಹೋಗಬೇಕು. ಫ್ರಾನ್ಸ್, ಪೋಲೆಂಡುಗಳಂತೆ ವಿಜಯನಗರವೂ ಆ ಪಟ್ಟಿಯಲ್ಲಿದೆ. ಇಂದಿನ ಅನೇಕ ತರುಣರಿಗೆ ಈ ಶತಮಾನಗಳ ಪರಿಚಯವಾಗುವುದು ಪುಸ್ತಕದಿಂದಲ್ಲ, ಇಂಥ ಆಟಗಳಿಂದ. ಆದುದರಿಂದ ಇದರ ನಿಯಮಗಳನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಅವೂ ಒಂದು ಬಗೆಯ ಇತಿಹಾಸಲೇಖನವೇ.

ಆ ನಿಯಮಗಳಲ್ಲಿ ವಿಚಾರಯೋಗ್ಯವಾದುದು ಸಾಮಂತರಾಜ್ಯದ ರಾಜತಾಂತ್ರಿಕ ವಿಲೀನ. ಯುದ್ಧದಿಂದ ನೆಲ ಗೆದ್ದರೆ ನೆರೆಯವರು ಬೆದರಿ ಒಟ್ಟುಗೂಡುತ್ತಾರೆ. ಗೆದ್ದ ನಾಡಿನಲ್ಲಿ ದಂಗೆಗಳೇಳುತ್ತವೆ. ಸಾಮಂತನನ್ನು ವಿಲೀನಗೊಳಿಸಿದರೆ ನೆರೆಯವರ ಆ ಭೀತಿಯಿಲ್ಲ. ಅವನ ಸ್ವಂತ ನೆಲವು ನೇರವಾಗಿ ಅಧಿರಾಜನ ಸ್ವಂತ ನೆಲವೇ ಆಗಿಬಿಡುತ್ತದೆ. ಅದಕ್ಕೆ ಬೇಕಾದವು ಇಷ್ಟು: ಅವನು ಹತ್ತು ವರ್ಷ ಅಧೀನನಾಗಿರಬೇಕು, ಅಧಿರಾಜನ ಬಗೆಗಿನ ಅವನ ಅಭಿಪ್ರಾಯ ಇನ್ನೂರಕ್ಕೆ ನೂರತೊಂಬತ್ತನ್ನು ಮುಟ್ಟಿರಬೇಕು, ಅವನ ಸ್ವಾತಂತ್ರ್ಯಾಕಾಂಕ್ಷೆ ಶೇಕಡಾ 50ಕ್ಕಿಂತ ಕೆಳಗಿರಬೇಕು. ಆಮೇಲೆ ರಾಜತಾಂತ್ರಿಕ ಅಂಕಗಳನ್ನು ತಿಂಗಳು ತಿಂಗಳೂ ತೆತ್ತರಾಯಿತು. ಒಂದು ದಿನ ಆ ರಾಜ್ಯದ ಬಣ್ಣ ನಕ್ಷೆಯಿಂದ ಅಳಿಯುತ್ತದೆ.

ಗಮನಿಸಬೇಕಾದುದು ನಿಷ್ಠೆಗೆ ಇಲ್ಲಿ ದೊರೆಯುವ ಫಲ. ಯಾವ ಸಾಮಂತನು ಒಡೆಯನನ್ನು ಅತ್ಯಂತ ಪ್ರೀತಿಸುವನೋ ಅವನೇ ಮೊದಲು ನುಂಗಲು ಯೋಗ್ಯ. ತಿರುಗಿ ನಿಲ್ಲುವವನನ್ನು ನುಂಗುವಂತಿಲ್ಲ. ಮೊದಲ ನೋಟಕ್ಕೆ ಇದು ಅಸಂಬದ್ಧವೆನಿಸಿದರೂ ಆಟವು ಇಲ್ಲಿ ಒಂದು ಕಹಿ ಸತ್ಯವನ್ನು ಹಿಡಿದಿದೆ. ಅವಧದ ನವಾಬರು ಈಸ್ಟ್ ಇಂಡಿಯಾ ಕಂಪನಿಯ ನಿಷ್ಠ ಮಿತ್ರರಾಗಿದ್ದರು. ನೇಪಾಳ ಯುದ್ಧದ ಕಾಲದಲ್ಲಿ ಕೋಟಿಗಟ್ಟಲೆ ರೂಪಾಯಿ ಸಾಲ ಕೊಟ್ಟವರು. 1856ರಲ್ಲಿ ರಾಜ್ಯವನ್ನು ಬಿಟ್ಟುಕೊಡುವ ಒಪ್ಪಂದವನ್ನು ಮುಂದಿಟ್ಟಾಗ ವಾಜಿದ್ ಅಲಿ ಶಾಹ ಸಹಿ ಹಾಕಲಿಲ್ಲ, ಕತ್ತಿಯನ್ನೂ ಹಿರಿಯಲಿಲ್ಲ. ತನ್ನ ಶಿರೋವೇಷ್ಟನವನ್ನು ತೆಗೆದು ರೆಸಿಡೆಂಟ್ ಔಟ್‌ರಾಮನ ಕೈಗಿತ್ತನು. ರಾಜ್ಯ ಹೋಯಿತು. ಆಟದ ಭಾಷೆಯಲ್ಲಿ ಹೇಳುವುದಾದರೆ ಅವನ ಸ್ವಾತಂತ್ರ್ಯಾಕಾಂಕ್ಷೆ ತೀರ ಕಡಿಮೆಯಿತ್ತು.

ಅಧಿರಾಜನ ಮನಸ್ಸನ್ನು ಇಷ್ಟು ಚೆನ್ನಾಗಿ ಬಲ್ಲ ಆಟವು ಸಾಮಂತನ ಮನಸ್ಸನ್ನು ಮಾತ್ರ ಅರಿಯದು. ಅದರ ಎಣಿಕೆಯಲ್ಲಿ ಸಾಮಂತನೆಂದರೆ ಇನ್ನೂ ಅರಗದ ತುತ್ತು. ಹೊರರಾಜ್ಯಗಳೊಡನೆ ಇರಿಸಿಕೊಳ್ಳಬಹುದಾದ ಸಂಬಂಧಗಳಿಗೆ ಮಿತಿಯಿದ್ದು, ಪ್ರತಿ ಸಾಮಂತನೂ ಅದರಲ್ಲೊಂದು ಸ್ಥಾನವನ್ನು ಆಕ್ರಮಿಸುತ್ತಾನೆ; ಆದುದರಿಂದ ಅವನನ್ನು ಬೇಗನೆ ಮುಗಿಸಿ ಜಾಗ ತೆರವು ಮಾಡುವುದೇ ಜಾಣತನವೆನಿಸುತ್ತದೆ. ಈ ಕಲ್ಪನೆ ಫ್ರಾನ್ಸಿನ ಇತಿಹಾಸಕ್ಕೆ ಒಂದಿಷ್ಟು ಹೊಂದೀತು. ಅಲ್ಲಿಯೂ ಪೂರ್ಣವಾಗಿಯಲ್ಲ. ಬ್ರಿಟನಿಯ ಆನ್ 1491ರಲ್ಲಿ ಎಂಟನೆಯ ಚಾರ್ಲ್ಸನನ್ನು, ಅವನು ತೀರಿದ ಮೇಲೆ 1499ರಲ್ಲಿ ಹನ್ನೆರಡನೆಯ ಲೂಯಿಯನ್ನು ವಿವಾಹವಾದಳು; ವಿಲೀನದ ಶಾಸನ ಹೊರಟದ್ದು 1532ರಲ್ಲಿ. ಎರಡು ಮದುವೆಗಳೂ ನಾಲ್ಕು ದಶಕಗಳೂ ಹಿಡಿದ ಆ ವಿಲೀನವು ಬ್ರಿಟನಿಯ ಹಕ್ಕುಗಳನ್ನು ಉಳಿಸಿಯೇ ನಡೆಯಿತು. ಅಲ್ಲಿನ ಪ್ರತಿನಿಧಿಸಭೆ ತೆರಿಗೆಗೆ ಸಮ್ಮತಿ ಕೊಡುವ ಅಧಿಕಾರವನ್ನು 1789ರ ಕ್ರಾಂತಿಯವರೆಗೂ ಬಿಟ್ಟುಕೊಡಲಿಲ್ಲ. ನಕ್ಷೆಯ ಬಣ್ಣ ಬದಲಾದರೂ ನಾಡು ಅರಗಿರಲಿಲ್ಲ.

ಭಾರತಕ್ಕೆ ಬಂದರೆ ಈ ಕಲ್ಪನೆ ಮತ್ತಷ್ಟು ತೊಡಕಿಗೆ ಸಿಲುಕುತ್ತದೆ. ‘ಸಾಮಂತ’ ಶಬ್ದಕ್ಕೆ ಸಂಸ್ಕೃತದಲ್ಲಿ ಮೊದಲಿದ್ದ ಅರ್ಥ ಎಲ್ಲೆಗೆ ಹೊಂದಿಕೊಂಡವನು, ನೆರೆಯ ಅರಸ ಎಂದು. ಅಧೀನನೆಂಬ ಅರ್ಥ ಕಾಲಾಂತರದಲ್ಲಿ ಸೇರಿಕೊಂಡದ್ದು. ಅಧೀನನಾದ ಮೇಲೂ ಅವನಲ್ಲಿ ನೆರೆಯವನ ಗತ್ತು ಉಳಿದೇ ಇತ್ತು. ಆದಿಕವಿ ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಚಕ್ರವರ್ತಿ ಗೋವಿಂದನ ಕೋಪಕ್ಕೆ ಗುರಿಯಾಗಿ ಬಂದ ವಿಜಯಾದಿತ್ಯನನ್ನು ಅವನು ಒಪ್ಪಿಸಲಿಲ್ಲ. ಮರೆಹೊಕ್ಕವನನ್ನು ಕಾಯ್ದು, ಕೊನೆಗೆ ಆ ಚಕ್ರವರ್ತಿಯನ್ನೇ ಕೆಳಗಿಳಿಸಿ ಬದ್ದೆಗನಿಗೆ ಸಾಮ್ರಾಜ್ಯವನ್ನು ಒಪ್ಪಿಸಿದನೆಂದು ಪಂಪ ಅಭಿಮಾನದಿಂದ ಹೇಳುತ್ತಾನೆ. ಆಟದಲ್ಲಿ ಸಾಮಂತನು ಸ್ವತಂತ್ರನಾಗಲು ಹೋರಾಡಬಲ್ಲ. ಅರಿಕೇಸರಿ ಬಯಸಿದ್ದು ಸ್ವಾತಂತ್ರ್ಯವನ್ನಲ್ಲ, ಬೇರೊಬ್ಬ ಒಡೆಯನನ್ನು.

ಇನ್ನು ಆಟವು ಆರಂಭವಾಗುವ ಕಾಲದ ವಿಜಯನಗರ. ಆಗ ಇಮ್ಮಡಿ ದೇವರಾಯನ ಆಳಿಕೆ. ತುಳುನಾಡಿನ ಬಾರಕೂರು, ಮಂಗಳೂರುಗಳಲ್ಲಿ ವಿಜಯನಗರದ ರಾಜ್ಯಪಾಲರಿದ್ದರು. ಆದರೆ ನೆಲದ ಮೇಲಿನ ಆಳ್ವಿಕೆ ಕಾರ್ಕಳದ ಭೈರರಸರು, ಚೌಟರು, ಬಂಗರು, ಅಜಿಲರು ಮೊದಲಾದ ಜೈನ ಮನೆತನಗಳದು. ಅವರನ್ನು ವಿಲೀನಗೊಳಿಸುವ ಬಲ ದೇವರಾಯನಿಗೆ ಇರಲಿಲ್ಲವೆನ್ನಲಾಗದು. ಅಗತ್ಯವಿರಲಿಲ್ಲ, ಅಷ್ಟೆ. ಘಟ್ಟದಾಚೆಯ ಆ ನಾಡಿನಿಂದ ಅವನಿಗೆ ಬೇಕಾಗಿದ್ದುದು ಕಪ್ಪ ಮತ್ತು ಕುದುರೆಗಳು ಬಂದಿಳಿಯುವ ಬಂದರು. ಅವೆರಡೂ ಅಲ್ಲಿನ ಅರಸರು ಅರಸರಾಗಿಯೇ ಇದ್ದರೂ ದೊರೆಯುತ್ತಿದ್ದುವು. ಆಟ ಶುರುವಾಗುವ ಹನ್ನೆರಡು ವರ್ಷ ಮೊದಲು, 1432ರಲ್ಲಿ, ವೀರಪಾಂಡ್ಯ ಭೈರರಸನು ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ್ದನು. 1565ರಲ್ಲಿ ವಿಜಯನಗರ ಪಾಳುಬಿದ್ದಿತು. ಕಾರ್ಕಳದ ಚತುರ್ಮುಖ ಬಸದಿ ಎದ್ದದ್ದು 1586ರಲ್ಲಿ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು ಬಾಹುಬಲಿಯನ್ನು ಪ್ರತಿಷ್ಠಾಪಿಸಿದ್ದು 1604ರಲ್ಲಿ. ರಾಜಧಾನಿ ಬರಿದಾದ ಮೇಲೂ ಸಾಮಂತರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಹತ್ತು ವರ್ಷ ಕಾದು ನುಂಗಿಬಿಡುವ ಆಟಗಾರನ ವಿಜಯನಗರದಲ್ಲಿ ಈ ಅಧ್ಯಾಯಕ್ಕೆ ಎಡೆಯೇ ಇಲ್ಲ.

ಆಟವನ್ನು ಮೆಚ್ಚುವವರು, ನಿಯಮಗಳೆಂದ ಮೇಲೆ ಸರಳೀಕರಣ ಅನಿವಾರ್ಯವೆನ್ನಬಹುದು. ಒಪ್ಪತಕ್ಕ ಮಾತೇ. ಆದರೆ ಯಾವುದನ್ನು ಸರಳಗೊಳಿಸಲಾಗಿದೆಯೆಂಬುದು ಮುಖ್ಯ. ಅಧಿರಾಜನ ಖರ್ಚು, ಕೀರ್ತಿ, ಕಾಯಬೇಕಾದ ತಿಂಗಳುಗಳು ಎಲ್ಲಕ್ಕೂ ಅಂಕಿಗಳಿವೆ. ನುಂಗಲ್ಪಟ್ಟ ಮನೆಯವರು ಮರುದಿನ ಏನಾದರು ಎಂಬುದಕ್ಕೆ ಒಂದು ಅಂಕಿಯೂ ಇಲ್ಲ. ಸಿಟ್ಟಾಗುವವರು ಉಳಿದ ಸಾಮಂತರು ಮಾತ್ರ; ಅದೂ ಕಾಲಕ್ರಮದಲ್ಲಿ ಇಳಿಯುವ ಸಿಟ್ಟು.

1821ಕ್ಕೆ ಆಟ ಮುಗಿಯುತ್ತದೆ. ಅದಾಗಿ ಮೂರು ವರ್ಷಕ್ಕೆ, 1824ರಲ್ಲಿ, ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನು ದತ್ತು ತೆಗೆದುಕೊಂಡಿದ್ದ ಬಾಲಕನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ದತ್ತಕವೆಂಬುದು ಕಿತ್ತೂರಿನವರಿಗೆ ಮನೆತನದ ಧರ್ಮ. ಕಂಪನಿಗೆ ಅದು ಒಡೆಯನ ಅನುಮತಿಯ ಪ್ರಶ್ನೆ. ಯುದ್ಧ ಹೂಡದೆ, ಕಾಗದದ ಮೇಲೆಯೇ ಮುಗಿಯಬೇಕಾಗಿದ್ದ ವಿಲೀನವದು. ಅಕ್ಟೋಬರ್ 23ರಂದು ಕೋಟೆಯ ಎದುರಿಗೆ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದೇ ವರ್ಷ ಸಂಗೊಳ್ಳಿ ರಾಯಣ್ಣನು ಆ ದತ್ತುಮಗನ ಹೆಸರಿನಲ್ಲಿಯೇ ಮತ್ತೆ ಜನರನ್ನು ಕೂಡಿಸತೊಡಗಿದ್ದನು.