ಬಿ.ಕಾಂ.: ಮೂರು ವರ್ಷದ ಲೆಕ್ಕಾಚಾರ

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಿ.ಕಾಂ. ಈಗ ಆರು ಸೆಮಿಸ್ಟರ್‌ಗಳ ಪದವಿ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2024-25ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಕಾಲ ಕಡಿಮೆಯಿದೆ. ಪದವಿಯ ನಂತರ ಹಿಡಿಯಬೇಕಾದ ದಾರಿಯನ್ನು ಕೊನೆಯ ವರ್ಷಕ್ಕೆ ಬಿಟ್ಟವರಿಗೆ ಅಷ್ಟರಲ್ಲಿ ಕೆಲವು ಬಾಗಿಲುಗಳು ಮುಚ್ಚಿರುತ್ತವೆ.

ಮೊದಲ ಆಯ್ಕೆ ಬಿ.ಕಾಂ. ಮತ್ತು ಬಿ.ಬಿ.ಎ. ನಡುವಿನದು. ಲೆಕ್ಕಶಾಸ್ತ್ರ, ವೆಚ್ಚದ ಲೆಕ್ಕ, ಲೆಕ್ಕಪರಿಶೋಧನೆ, ತೆರಿಗೆ, ಕಂಪನಿ ಕಾನೂನು ಇವು ಬಿ.ಕಾಂ.ನ ತಿರುಳು. ಮಾರುಕಟ್ಟೆ, ಮಾನವ ಸಂಪನ್ಮೂಲ, ಸಂಸ್ಥೆಯ ನಿರ್ವಹಣೆಯತ್ತ ಬಿ.ಬಿ.ಎ. ಹೆಚ್ಚು ವಾಲುತ್ತದೆ. ಅಂಕಿಗಳೊಂದಿಗೆ ಕೂತು ದುಡಿಯುವ ತಾಳ್ಮೆ ಇರುವವರಿಗೆ ಬಿ.ಕಾಂ. ಒಗ್ಗುತ್ತದೆ.

ಸಿ.ಎ. ಆಗಬೇಕೆನ್ನುವವರು ಎಲ್ಲರಿಗಿಂತ ಮೊದಲು ಯೋಜನೆ ಹಾಕಬೇಕು. ಅದಕ್ಕೆ ಎರಡು ದಾರಿಗಳಿವೆ. ಪಿಯುಸಿ ಮುಗಿಸಿ ಫೌಂಡೇಷನ್ ಪರೀಕ್ಷೆ ಬರೆಯುವುದು ಒಂದು. ಪದವಿಯಲ್ಲಿ ಶೇ 55 ಅಂಕ ಪಡೆದು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗುವುದು ಇನ್ನೊಂದು. ವಾಣಿಜ್ಯೇತರ ಪದವೀಧರರಿಗೆ ಈ ಮಿತಿ ಶೇ 60. ಹೀಗಾಗಿ ಎರಡನೇ ದಾರಿ ಹಿಡಿಯುವವರಿಗೆ ಮೊದಲ ಸೆಮಿಸ್ಟರ್‌ನ ಅಂಕವೂ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಎರಡು ವರ್ಷದ ಆರ್ಟಿಕಲ್‌ಶಿಪ್ ಇದೆ. ಅದು ಪೂರ್ಣಾವಧಿ ತರಬೇತಿ. ಹಾಜರಾತಿ ಕಡ್ಡಾಯವಿರುವ ಹಗಲು ಕಾಲೇಜಿನ ಜೊತೆ ಅದನ್ನು ನಿಭಾಯಿಸುವುದು ಕಷ್ಟ. ಪಿಯುಸಿ ನಂತರದ ದಾರಿ ಹಿಡಿದವರು ಸಂಜೆ ಕಾಲೇಜನ್ನೋ ದೂರಶಿಕ್ಷಣವನ್ನೋ ಮುಂಚೆಯೇ ಯೋಚಿಸಬೇಕು.

ಉಳಿದ ದಾರಿಗಳಲ್ಲಿ ಇಷ್ಟು ಬಿಗಿಯಿಲ್ಲ. ಬ್ಯಾಂಕ್ ಕ್ಲರ್ಕ್ ಮತ್ತು ಪ್ರೊಬೇಷನರಿ ಅಧಿಕಾರಿ ಹುದ್ದೆಗಳಿಗೆ ಯಾವುದೇ ಪದವಿ ಸಾಕು. ಅಲ್ಲಿ ಗೆಲ್ಲಿಸುವುದು ಗಣಿತ, ತಾರ್ಕಿಕ ಸಾಮರ್ಥ್ಯ ಮತ್ತು ಇಂಗ್ಲಿಷ್‌ನ ದಿನನಿತ್ಯದ ಅಭ್ಯಾಸ. ಎರಡನೇ ವರ್ಷದಿಂದ ಅದನ್ನು ಆರಂಭಿಸಿದರೆ ಪದವಿ ಮುಗಿಯುವ ಹೊತ್ತಿಗೆ ಕೈ ಹದವಾಗಿರುತ್ತದೆ. ಬೋಧನೆಗೆ ಎಂ.ಕಾಂ. ಮತ್ತು ನೆಟ್ ಅಥವಾ ಕೆ-ಸೆಟ್, ನಿರ್ವಹಣಾ ಹುದ್ದೆಗಳಿಗೆ ಎಂ.ಬಿ.ಎ. ಮುಂದಿನ ಮೆಟ್ಟಿಲು.

ದಾರಿ ಯಾವುದಾದರೂ ಲೆಕ್ಕ ಬರೆಯುವ ಕೈ ಗಟ್ಟಿಯಾಗಿರಬೇಕು. ಅಂಗಡಿಯೊಂದು ಮಾರ್ಚ್ 28ರಂದು ಸರಬರಾಜುದಾರನಿಗೆ 12,000 ರೂಪಾಯಿಯ ಚೆಕ್ ಕೊಟ್ಟಿದೆ ಎನ್ನೋಣ. ನಗದು ಪುಸ್ತಕದಲ್ಲಿ ಆ ಹಣ ಅಂದೇ ಖರ್ಚಾಗಿದೆ. ಚೆಕ್ ಬ್ಯಾಂಕಿಗೆ ಬಂದದ್ದು ಏಪ್ರಿಲ್‌ನಲ್ಲಿ. ಮಾರ್ಚ್ 31ರಂದು ಪಾಸ್‌ಬುಕ್ 12,000 ಹೆಚ್ಚು ತೋರಿಸುತ್ತದೆ. ಎರಡರಲ್ಲೂ ತಪ್ಪಿಲ್ಲ, ವ್ಯತ್ಯಾಸಕ್ಕೆ ಕಾರಣ ಹುಡುಕಿ ಪಟ್ಟಿ ಮಾಡುವುದೇ ಲೆಕ್ಕಿಗನ ಕೆಲಸ. ಗೈಡ್‌ನ ಉತ್ತರ ಉರು ಹೊಡೆದವರಿಗೆ ಇದು ಬರುವುದಿಲ್ಲ. ನೂರಾರು ಲೆಕ್ಕಗಳನ್ನು ಪೆನ್ನು ಹಿಡಿದು ಬಿಡಿಸಿದವರಿಗಷ್ಟೇ ಬರುತ್ತದೆ.

ಇದರ ಜೊತೆಗೆ ಟ್ಯಾಲಿ, ಎಕ್ಸೆಲ್ ಮತ್ತು ಜಿಎಸ್‌ಟಿ ರಿಟರ್ನ್ ಸಲ್ಲಿಕೆ ಕಲಿಯಬೇಕು. ರಜೆಯಲ್ಲಿ ಊರಿನ ತೆರಿಗೆ ಸಲಹೆಗಾರರ ಬಳಿ ಕೆಲವು ವಾರ ದುಡಿದರೆ ಇದು ಸುಲಭವಾಗುತ್ತದೆ. ಕಾನೂನೂ ಬದಲಾಗುತ್ತಿರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿರುವುದರಿಂದ ಹಿರಿಯರಿಂದ ಪಡೆದ ಹಳೆಯ ಪುಸ್ತಕವನ್ನು ನಂಬಿ ತೆರಿಗೆ ಪತ್ರಿಕೆ ಬರೆಯಲಾಗದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಸಿದ್ಧತೆ ಬೇಕು. ತಾಳೆಪಟ್ಟಿ, ಸವಕಳಿ, ಬಂಡವಾಳ ಎಂದು ಅರ್ಥಮಾಡಿಕೊಂಡಿದ್ದನ್ನೇ ಅವರು ಟ್ರಯಲ್ ಬ್ಯಾಲೆನ್ಸ್, ಡಿಪ್ರಿಸಿಯೇಷನ್, ಕ್ಯಾಪಿಟಲ್ ಎಂದು ಬರೆಯಬೇಕಾಗುತ್ತದೆ. ವಿಷಯ ಗೊತ್ತಿದ್ದೂ ಪದ ಸಿಗದೆ ಹಿಂದೆ ಬೀಳುವ ವಿದ್ಯಾರ್ಥಿಯನ್ನು ದಡ್ಡನೆಂದು ಬಗೆಯುವುದು ಅನ್ಯಾಯ. ಮೊದಲ ಸೆಮಿಸ್ಟರ್‌ನಲ್ಲಿ ವಾರಕ್ಕೆರಡು ತರಗತಿಗಳನ್ನು ಈ ಪದಗಳಿಗೇ ಮೀಸಲಿಡುವುದು ಪ್ರತಿ ಕಾಲೇಜಿನ ಕರ್ತವ್ಯ. ಪ್ರವೇಶಕ್ಕೆ ಮುನ್ನ ಅಂಥ ತರಗತಿ ಇದೆಯೇ ಎಂದು ಪೋಷಕರು ಕೇಳಿ ತಿಳಿದುಕೊಳ್ಳಬೇಕು.