ಶಾಪ ಅಲ್ಲ, ತಪ್ಪು ಲೆಕ್ಕ (3/5)

"ಚಾಮರಾಜನಗರಕ್ಕೆ ಬಂದ ಸಿಎಂ ಕುರ್ಚಿ ಕಳ್ಕೋತಾರೆ." ಇದನ್ನ ಇನ್ನೂ ನಂಬೋರಿಗೆ ಈ ಪೋಸ್ಟ್.

ಹೈಸ್ಕೂಲ್ ಪ್ರಯೋಗ ನೆನಪಿದ್ಯಾ? ಎರಡು ಕುಂಡ, ಒಂದೇ ಮಣ್ಣು, ಅಷ್ಟೇ ನೀರು. ಒಂದು ಬಿಸಿಲಲ್ಲಿ, ಒಂದು ಕತ್ತಲಲ್ಲಿ. ಬದಲಾಯಿಸೋದು ಬೆಳಕು ಮಾತ್ರ, ಅಳೆಯೋದು ಬೆಳವಣಿಗೆ. ಕತ್ತಲಿನ ಕುಂಡ ನೋಡದೆ ಬಿಸಿಲಿನ ಬಗ್ಗೆ ಏನೂ ಹೇಳೋಕಾಗಲ್ಲ.

ಇಲ್ಲಿ ಆ ಎರಡನೇ ಕುಂಡ ಯಾವುದು? ಬರದೇ ಇದ್ದ ಸಿಎಂಗಳು! 1997ರಲ್ಲಿ ಜೆ.ಎಚ್. ಪಟೇಲರು ಜಿಲ್ಲೆ ಉದ್ಘಾಟನೆಯನ್ನೇ ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾಡಿದ್ರು. 1999ರಲ್ಲಿ ಅಧಿಕಾರ ಹೋಯ್ತು. ಯಡಿಯೂರಪ್ಪ ಸಿಎಂ ಆಗಿದ್ದಾಗ ಪಟ್ಟಣಕ್ಕೆ ಬರಲೇ ಇಲ್ಲ. 2011ರಲ್ಲೂ 2021ರಲ್ಲೂ ರಾಜೀನಾಮೆ. ಸಿದ್ದರಾಮಯ್ಯ 2013ರಲ್ಲೇ ಬಂದ್ರು, ಮತ್ತೆ ಮತ್ತೆ ಬಂದ್ರು. 2018ರವರೆಗೆ ಐದು ವರ್ಷ ಪೂರ್ತಿ.

ಕರ್ನಾಟಕದಲ್ಲಿ ಸಿಎಂ ಬದಲಾಗೋದೇ ಮಾಮೂಲಿ. ಬೀಳಿಸೋ ವೇರಿಯಬಲ್‌ಗಳು ಬೇರೆ: ಬಣ ಜಗಳ, ಶಾಸಕರ ಸಂಖ್ಯೆ, ಚುನಾವಣೆ.

ಪರೀಕ್ಷೆಯಲ್ಲಿ 'ಸಹಸಂಬಂಧ ಅಂದ್ರೆ ಕಾರಣ ಅಲ್ಲ' ಅಂತ ಬರೆದು ಮಾರ್ಕ್ಸ್ ತಗೊಂಡು, ಹೊರಗೆ ಬಂದು ಶಾಪ ಅನ್ನೋದು ಯಾವ ನ್ಯಾಯ? ಇದರಿಂದ ಕುರ್ಚಿಗೇನೂ ನಷ್ಟ ಇಲ್ಲ. ಸಿಎಂ ಮುಂದೆ ನಿಂತು ನೀರು, ಬಸ್ಸು ಕೇಳೋ ಅವಕಾಶ ಕಳ್ಕೊಂಡಿದ್ದು ನಮ್ಮ ಉಮ್ಮತ್ತೂರಿನಂಥ ಊರುಗಳು.

ಮುಂದಿನ ಸಲ ಯಾರಾದ್ರೂ ಶಾಪ ಅಂದ್ರೆ ಒಂದೇ ಪ್ರಶ್ನೆ ಕೇಳಿ: ಬರದೇ ಇದ್ದೋರು ಉಳ್ಕೊಂಡ್ರಾ?