ಹಿರಿಯ ಬೈಕ್ ಸವಾರರಿಗೆ ಮರುತರಬೇತಿ ಕೋರಿ ಮನವಿ ಪತ್ರ

ಗೆ,
ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಐವತ್ತು ದಾಟಿದ ಮೇಲೆ ಮೊದಲ ಸಲ ಬೈಕು ಹಿಡಿದವರು, ವರ್ಷಗಟ್ಟಲೆ ಕಾರು–ಬಸ್ಸುಗಳಲ್ಲಿ ಓಡಾಡಿ ನಿವೃತ್ತಿಯ ಬಳಿಕ ಬೈಕಿಗೆ ಮರಳಿದವರು, ಮೊಪೆಡ್ ಬಿಟ್ಟು ಗೇರ್ ಬೈಕು ಹತ್ತಿದವರು, ಇವರೆಲ್ಲರ ಪರವಾಗಿ ಈ ಮನವಿ.

ನಲವತ್ತು ದಾಟಿದವರು ಚಾಲನಾ ಪರವಾನಗಿ ನವೀಕರಿಸುವಾಗ ನಮೂನೆ 1ಎ ಪ್ರಕಾರ ವೈದ್ಯರ ಪ್ರಮಾಣಪತ್ರ ಕೊಡಬೇಕು. ಕಣ್ಣು, ಕಿವಿ, ಕೈಕಾಲು ನೆಟ್ಟಗಿವೆಯೇ ಎಂಬುದನ್ನು ಅದು ತಿಳಿಸುತ್ತದೆ. ಬೈಕು ಓಡಿಸುವ ಕೈ ಪಳಗಿದೆಯೇ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಗೇರ್ ಬೈಕಿನ ಪರವಾನಗಿಯೊಂದಿದ್ದರೆ 100 ಸಿಸಿಯನ್ನೂ ಓಡಿಸಬಹುದು, 650 ಸಿಸಿಯನ್ನೂ ಓಡಿಸಬಹುದು. ಬ್ರೇಕಿನ ವಿಷಯವನ್ನೇ ನೋಡಿ. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸುತ್ತೇವೆಂದು ಹೆದರಿ ಕಾಲಿನ ಬ್ರೇಕನ್ನಷ್ಟೇ ತುಳಿಯುವ ರೂಢಿ ಹಳೆಯ ಸವಾರರಲ್ಲಿದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಆದರೆ ಹಲವು ಮಾದರಿಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಮುಂದಿನ ಬ್ರೇಕನ್ನೇ ಮುಟ್ಟದವರಿಗೆ ಆ ಸೌಲಭ್ಯ ಇದ್ದೂ ಇಲ್ಲದಂತೆ. ಮುಂದಿನ ಬ್ರೇಕಿನ ಬಳಕೆಯನ್ನು ಕೈ ಹಿಡಿದು ಕಲಿಸಬೇಕು, ಕಾಗದದಲ್ಲಿ ಕಲಿಸಲಾಗದು. ಇದರ ಮೇಲೆ ವಯಸ್ಸಾದಂತೆ ಪ್ರತಿಕ್ರಿಯೆ ನಿಧಾನವಾಗುತ್ತದೆ, ರಾತ್ರಿ ಎದುರಿನ ಹೆಡ್‌ಲೈಟಿಗೆ ಕಣ್ಣು ಕತ್ತಲಿಡುತ್ತದೆ, ಸ್ವಲ್ಪ ಬಿದ್ದರೂ ಮೂಳೆ ಮುರಿಯಬಹುದು.

2022ರಲ್ಲಿ ರಸ್ತೆಗಳಲ್ಲಿ ಸತ್ತವರಲ್ಲಿ ಮೂರನೇ ಎರಡರಷ್ಟು ಮಂದಿ 18ರಿಂದ 45ರ ವಯಸ್ಸಿನವರು, ಹಿರಿಯರ ಚಿಂತೆ ಏಕೆ ಎಂಬ ಆಕ್ಷೇಪ ಬರಬಹುದು. ಆ ಅಂಕಿಯನ್ನು ನಾವೂ ಒಪ್ಪುತ್ತೇವೆ. ಆದರೆ ಹೊಸದಾಗಿ ಪರವಾನಗಿ ಪಡೆಯುವ ಎಳೆಯರಿಗೆ ಕಲಿಕಾ ಪರವಾನಗಿ (ಎಲ್‌ಎಲ್‌ಆರ್), ಪರೀಕ್ಷೆ, ಕಾಲೇಜಿನ ಜಾಗೃತಿ ಎಂಬ ಒಂದಷ್ಟು ವ್ಯವಸ್ಥೆಯಾದರೂ ಇದೆ. ಪರವಾನಗಿ ಈಗಾಗಲೇ ಇರುವ ಹಿರಿಯರಿಗೆ ಅದೂ ಇಲ್ಲ. ವಯಸ್ಸಿನ ನೆಪದಲ್ಲಿ ಪರವಾನಗಿ ಕಿತ್ತುಕೊಳ್ಳಬಾರದೆಂಬ ಮಾತೂ ನ್ಯಾಯವೇ. ಹೊಲಕ್ಕೆ, ಹಾಲಿನ ಡೈರಿಗೆ, ಆಸ್ಪತ್ರೆಗೆ ಬೈಕೇ ಗತಿಯಾದ ಹಳ್ಳಿಗಳು ನಮ್ಮಲ್ಲಿ ಬಹಳ. ಆದ್ದರಿಂದ ಯಾರನ್ನೂ ತಡೆಯಿರಿ ಎಂದು ನಾವು ಕೇಳುತ್ತಿಲ್ಲ, ಕಲಿಸಿ ಎನ್ನುತ್ತಿದ್ದೇವೆ.

ಪರವಾನಗಿಯ ನಿಯಮ ಕೇಂದ್ರದ್ದಾದರೂ ಆರ್‌ಟಿಓ ಮೈದಾನಗಳು ತಮ್ಮ ಕೈಯಲ್ಲಿವೆ. ಪರೀಕ್ಷೆಯಿಲ್ಲದ ದಿನಗಳಲ್ಲಿ ಐವತ್ತು ದಾಟಿದವರಿಗೆ ಅಲ್ಲಿ ಅರ್ಧ ದಿನದ ಉಚಿತ ಬ್ರೇಕ್ ಮತ್ತು ತಿರುವಿನ ತರಬೇತಿ ಏರ್ಪಡಿಸಬೇಕು. ನವೀಕರಣಕ್ಕೆ ಬಂದವರಿಗೆ ಅದರ ಮಾಹಿತಿ ಕೊಡಬೇಕು. ಅಪಘಾತದ ದಾಖಲೆಯಲ್ಲಿ ಸವಾರನ ವಯಸ್ಸಿನ ಜೊತೆಗೆ ಪರವಾನಗಿ ಪಡೆದ ವರ್ಷವನ್ನೂ ಬರೆಯುವಂತೆ ಪೊಲೀಸ್ ಇಲಾಖೆಗೆ ಕೋರಬೇಕು. ಮುಂದಿನ ಮಳೆಗಾಲಕ್ಕೆ ಮೊದಲೇ, ಕನಿಷ್ಠ ಜಿಲ್ಲೆಗೊಂದು ಮೈದಾನದಲ್ಲಿ ಈ ತರಬೇತಿ ಆರಂಭಿಸಬೇಕೆಂದು ವಿನಂತಿಸುತ್ತೇವೆ.

ಇಂತಿ,
ಹಿರಿಯ ದ್ವಿಚಕ್ರ ಸವಾರರು ಮತ್ತು ಅವರ ಕುಟುಂಬದವರು